ಕ್ರಿಸ್‌ಮಸ್ ಚಿತ್ರದ ಕಾರ್ಡು: ಮೊದಲು ನಕ್ಷತ್ರ ತೋರಿಸಿ, ಆಮೇಲೆ ಕಾರ್ಡು

ಪ್ರಶ್ನೆ: ಮಂಡ್ಯದ ಒಂದು ಚಿಕ್ಕ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಮಾಡುತ್ತೇನೆ. 26 ಮಕ್ಕಳಿದ್ದಾರೆ, ಎಲ್ಲರ ಮನೆಮಾತೂ ಹೆಚ್ಚು ಕಡಿಮೆ ಕನ್ನಡವೇ. ಇಂಟರ್ನೆಟ್‌ನಿಂದ 32 ಕ್ರಿಸ್‌ಮಸ್ ಚಿತ್ರದ ಕಾರ್ಡು ಡೌನ್‌ಲೋಡ್ ಮಾಡಿ, ಕಲರ್ ಪ್ರಿಂಟ್ ತೆಗೆಸಿ, ಇಂಗ್ಲಿಷ್ ಪದ ಕಲಿಸಲು ದಿನವೂ ತೋರಿಸಿದೆ. ಒಂದು ವಾರದಲ್ಲಿ ಮಕ್ಕಳು ಪಟಪಟ ಅಂತ ಹೇಳತೊಡಗಿದರು. ಆದರೆ ಕಾರ್ಡು ಕಲಸಿ ತೋರಿಸಿದರೆ ತಡವರಿಸುತ್ತಾರೆ. ಬೇಕರಿ ಮುಂದೆ ನೇತುಹಾಕಿದ್ದ ನಕ್ಷತ್ರ ತೋರಿಸಿ ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲಿ ತಪ್ಪಿದೆ? ಕಾರ್ಡಿನ ಮೇಲೆ ಕನ್ನಡ ಇರಬೇಕೋ, ಇಂಗ್ಲಿಷೋ? ಕ್ರಿಸ್‌ಮಸ್ ಯಾಕೆ ಅಂತ ಇಬ್ಬರು ಪೋಷಕರು ಕೇಳಿದರು, ಅವರಿಗೆ ಏನು ಹೇಳಲಿ? ಒಬ್ಬ ಹುಡುಗ ಮಾತ್ರ ಯಾವ ಕಾರ್ಡು ತೋರಿಸಿದರೂ ಮಾತೇ ಆಡುವುದಿಲ್ಲ. ಅವನಿಗೇನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ನಿಂತುಬಿಟ್ಟಿದ್ದು ಆ ಬೇಕರಿಯ ನಕ್ಷತ್ರದ ಹತ್ತಿರ. ಹೊರಗಿನ ನಕ್ಷತ್ರ ತೋರಿಸಿ ಕೇಳಬೇಕು ಅಂತ ನಿಮಗೆ ಹೊಳೆಯಿತಲ್ಲ, ಅರ್ಧ ಉತ್ತರ ನೀವೇ ಕಂಡುಕೊಂಡಿದ್ದೀರಿ. ಹೆಚ್ಚಿನವರು ಮಗು ಕಾರ್ಡು ನೋಡಿ ಹೇಳಿದ ಕೂಡಲೇ ‘ಈ ಪದ ಬಂತು’ ಅಂತ ಗುರುತು ಹಾಕಿಕೊಂಡು ಮುಂದಿನದಕ್ಕೆ ಹೋಗಿಬಿಡುತ್ತಾರೆ.

ನಿಮ್ಮ ಮಕ್ಕಳು ಸದ್ಯಕ್ಕೆ ಕಾರ್ಡನ್ನು ಕಲಿತಿದ್ದಾರೆ, ಪದವನ್ನು ಇನ್ನೂ ಕಲಿತಿಲ್ಲ. ಸ್ಟಾರ್ ಆದ ಮೇಲೆ ಟ್ರೀ, ಟ್ರೀ ಆದ ಮೇಲೆ ಬೆಲ್ ಅಂತ ಮಗ್ಗಿಯ ಹಾಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ನಡುವಿನಿಂದ ಒಂದನ್ನು ಎಳೆದರೆ ಸರ ಕಿತ್ತುಹೋಗುತ್ತದೆ. ಇನ್ನೂ ಒಂದು ವಿಷಯ ಇದೆ. ಕೆಲವು ವರ್ಷದ ಹಿಂದೆ ಮೈಸೂರಿನ ಒಂದು ನರ್ಸರಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುತ್ತಿದ್ದೆ. ಟೀಚರ್ ಕಾರ್ಡನ್ನು ಪೂರ್ತಿ ಮೇಲೆತ್ತುವ ಮೊದಲೇ ನಾಲ್ಕೂವರೆ ವರ್ಷದ ಹುಡುಗಿಯೊಬ್ಬಳು ‘ಏಂಜಲ್’ ಅಂದಳು. ಟೀಚರಿಗೆ ಖುಷಿಯೋ ಖುಷಿ. ಪಾಠ ಮುಗಿದ ಮೇಲೆ ಅವಳನ್ನು ಹತ್ತಿರ ಕರೆದು ‘ಅಷ್ಟು ಬೇಗ ಹೆಂಗೆ ಗೊತ್ತಾಯ್ತು ಪುಟ್ಟಿ?’ ಅಂತ ಕೇಳಿದೆ. ಅವಳು ಕಾರ್ಡಿನ ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟಳು. ಯಾರದೋ ಟಿಫನ್ ಡಬ್ಬಿಯ ಎಣ್ಣೆ ತಾಗಿ ಅಲ್ಲಿ ಎಂಟಾಣೆಯಷ್ಟಗಲ ಕಲೆಯಾಗಿತ್ತು. ‘ಎಣ್ಣೆ ಇರೋದು ಏಂಜಲ್ಲು.’ ಬೇರೆ ಪುಸ್ತಕದಲ್ಲಿದ್ದ, ನೀಲಿ ಅಂಗಿಯ ದೇವದೂತನ ಚಿತ್ರ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ‘ಚಿಟ್ಟೆ ಆಂಟಿ’ ಅಂದಳು.

ಅವಳ ಜಾಣತನದಲ್ಲಿ ಏನೂ ಕೊರತೆ ಇರಲಿಲ್ಲ. ರೆಕ್ಕೆ ಕಂಡು ಚಿಟ್ಟೆ ಅಂದಳು, ಗೌನು ಕಂಡು ಆಂಟಿ ಅಂದಳು, ಎರಡೂ ಸರಿಯಾದ ಊಹೆಯೇ. ಕೊರತೆ ಇದ್ದದ್ದು ನಮ್ಮ ಪಾಠದಲ್ಲಿ. ಆ ಪದಕ್ಕೆ ಅವಳ ಲೋಕದಲ್ಲಿ ನಾವು ಒಂದೇ ಒಂದು ಜಾಗ ಕೊಟ್ಟಿದ್ದೆವು, ಆ ಜಾಗವೂ ಒಂದು ರಟ್ಟಿನ ತುಂಡು.

ನಾನು ಎಲ್ಲ ನರ್ಸರಿ ಟೀಚರುಗಳಿಗೂ ಹೇಳುವುದು ಒಂದೇ ಮಾತು. ಮೊದಲು ವಸ್ತು, ಅದರ ಜೊತೆಗೇ ಮಾತು, ಕಾರ್ಡು ಕೊನೆಗೆ. ಪರಿಚಯ ಮಾಡಿಸುವ ಕೆಲಸ ಕಾರ್ಡಿಗೆ ಕೊಡಬೇಡಿ. ಪರಿಚಯವಾದದ್ದನ್ನು ನೆನಪಿನಿಂದ ಎತ್ತಿ ತರುವ ಕೆಲಸಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಅಮೆರಿಕದ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್ಲೆಟ್ 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ನರ್ಸರಿ ಶಾಲೆಯಲ್ಲಿ ಎರಡು ಟ್ರೇ ಇಟ್ಟಿದ್ದರು, ಒಂದು ನೀಲಿ, ಇನ್ನೊಂದು ಮಕ್ಕಳಿಗೆ ಹೆಸರು ಗೊತ್ತಿಲ್ಲದ ಮಾಸಲು ಹಸಿರು. ಯಾವ ಪಾಠವನ್ನೂ ಮಾಡದೆ, ಕೆಲಸದ ನಡುವೆ ಸಹಜವಾಗಿ, ‘ಕ್ರೋಮಿಯಂ ಟ್ರೇ ತಗೊಂಡು ಬಾ, ನೀಲಿಯದಲ್ಲ’ ಅಂದರು. ಕ್ರೋಮಿಯಂ ಅನ್ನುವ ಬಣ್ಣದ ಹೆಸರನ್ನು ಮಕ್ಕಳು ಹಿಂದೆ ಕೇಳಿರಲಿಲ್ಲ. ಆದರೂ ಟ್ರೇ ತಂದುಕೊಟ್ಟರು, ದಿನಗಳು ಕಳೆದ ಮೇಲೂ ಹಲವರ ಮನಸ್ಸಿನಲ್ಲಿ ಆ ಪದದ ಒಂದಿಷ್ಟು ಗುರುತು ಉಳಿದಿತ್ತು. ಒಂದು ಕೆಲಸಕ್ಕೆ ಬೇಕಾಗಿ ಬಂದ ಪದ ಒಂದೇ ಸಲಕ್ಕೆ ಬೇರು ಬಿಡಬಲ್ಲದು. ‘ಇದೇನು? ಇದೇನು?’ ಅಂತ ಹದಿನೈದು ಸಲ ಕೇಳಿಸಿಕೊಂಡ ಪದಕ್ಕೆ ಆ ಭಾಗ್ಯವಿಲ್ಲ.

ಇದಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ. ಆಮೇಲೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹರಡಿದ ನಲಿ-ಕಲಿ 1995ರಲ್ಲಿ ಶುರುವಾದದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ. ಅದೂ ಕಾರ್ಡಿನ ಮೇಲೆ ನಿಂತ ಪದ್ಧತಿ. ಆದರೆ ಅಲ್ಲಿ ಒಂದು ಕಾರ್ಡೂ ಸುಮ್ಮನೆ ನೋಡುವುದಕ್ಕಲ್ಲ. ಈ ಕಾರ್ಡು ಬಂದರೆ ಹಾಡು, ಇದು ಬಂದರೆ ಕಲ್ಲು ಜೋಡಿಸು, ಇದು ಬಂದರೆ ಗೆಳೆಯನ ಜೊತೆ ಕೂತು ಮಾಡು, ಹೀಗೆ ಪ್ರತಿಯೊಂದರ ಹಿಂದೆಯೂ ಒಂದು ಕೆಲಸ ಇರುತ್ತದೆ. ನಿಮ್ಮ ಕ್ರಿಸ್‌ಮಸ್ ಕಾರ್ಡುಗಳಿಗೂ ಅದೇ ಬೇಕು.

ಈಗ ನಿಮ್ಮ 32 ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಅದರಲ್ಲಿ ಇಪ್ಪತ್ತನ್ನು ತೆಗೆದಿಡಬೇಕಾಗುತ್ತದೆ. ಇಂಥ ಸೆಟ್ಟುಗಳನ್ನು ಮಾಡಿದವರು ಹಿಮ ಬೀಳುವ ದೇಶದವರು. ಅಗ್ಗಿಷ್ಟಿಕೆ, ಹಿಮಗಾಡಿ, ಬೆರಳಿಲ್ಲದ ಉಣ್ಣೆಯ ಕೈಗವಸು, ಕೆಂಪು ಕಾಯಿಯ ಹಾಲಿ ಸೊಪ್ಪು, ಹಿಮಸಾರಂಗ, ಇವೆಲ್ಲ ಅವರ ಮಕ್ಕಳಿಗೆ ಕಿಟಕಿಯಾಚೆ ಕಾಣುವುದೋ ಅಜ್ಜಿ ಮನೆಯಲ್ಲಿ ಇರುವುದೋ ಆಗಿರುತ್ತದೆ. ನಿಮ್ಮ ಜಿಲ್ಲೆಯದೇ ಒಂದು ಹಳ್ಳಿ ಶಾಲೆಯಲ್ಲಿ ನಾನು ಆ ಉಣ್ಣೆಯ ಗವಸಿನ ಚಿತ್ರ ತೋರಿಸಿದಾಗ ಒಬ್ಬ ಹುಡುಗ ‘ಒಲೆ ಮ್ಯಾಲಿಂದ ಪಾತ್ರೆ ಇಳಿಸೋ ಬಟ್ಟೆ’ ಅಂದ. ಅಗ್ಗಿಷ್ಟಿಕೆಯ ಮುಂದೆ ಸಾಲಾಗಿ ಕಾಲುಚೀಲ ನೇತುಹಾಕಿದ ಚಿತ್ರಕ್ಕೆ ಇನ್ನೊಬ್ಬಳ ವಿವರಣೆ: ‘ಮಳೆ ಬಂದದೆ, ಅದಕ್ಕೇ ಸಾಕ್ಸು ಒಳಗೇ ಒಣಗಾಕವ್ರೆ.’ ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾಳೆ ನೋಡಿ! ಇಷ್ಟು ಬುದ್ಧಿ ಓಡಿಸುವ ಮಗುವಿನ ಕೈಗೆ, ಅವಳು ಎಂದೂ ಬಳಸದ ಪದವನ್ನು ಕೊಟ್ಟು ಸಮಯ ಕಳೆಯುವುದು ನನಗೆ ಸಂಕಟದ ವಿಷಯ.

ಹಿಮದ ವಿಷಯಕ್ಕೆ ಒಂದು ಎಚ್ಚರಿಕೆ. ಸ್ನೋ ಅಂದರೆ ಮಂಜು ಅಂತ ಹೇಳಿಕೊಡಬೇಡಿ. ಡಿಸೆಂಬರಿನ ಬೆಳಿಗ್ಗೆ ನಾಲೆ ಏರಿಯ ಮೇಲೆ, ಗದ್ದೆ ಬಯಲಿನ ಮೇಲೆ ನಿಲ್ಲುವುದು ನಿಮ್ಮ ಮಕ್ಕಳ ಮಂಜು. ಅದನ್ನು ಉಂಡೆ ಕಟ್ಟಿ ಗೊಂಬೆ ಮಾಡುವುದು ಹೇಗೆ? ಮಗು ಒಪ್ಪಿಕೊಂಡು ಸುಮ್ಮನಾಗುತ್ತದೆ, ತಲೆಯಲ್ಲಿ ಮಾತ್ರ ಎರಡೂ ಕಲಸಿಹೋಗುತ್ತವೆ. ಸ್ನೋಮ್ಯಾನ್ ಬೇಕೇ ಬೇಕು ಅನಿಸಿದರೆ ಹಳೆಯ ಫ್ರಿಜ್‌ನ ಫ್ರೀಜರಿನಲ್ಲಿ ಕಟ್ಟಿದ ಬಿಳಿ ಪದರವನ್ನು ಚಮಚದಲ್ಲಿ ಕೆರೆದು ತಟ್ಟೆಗೆ ಹಾಕಿ, ಮುಟ್ಟಲು ಕೊಡಿ. ಅದಾದ ಮೇಲೆ ಕಾರ್ಡು.

ಉಳಿಸಿಕೊಳ್ಳಬೇಕಾದ್ದು ಹನ್ನೆರಡು ಸಾಕು. ಸ್ಟಾರ್, ಕ್ಯಾಂಡಲ್, ಬೆಲ್, ಕೇಕ್, ಗಿಫ್ಟ್, ಟ್ರೀ, ಬೇಬಿ, ಏಂಜಲ್, ಶೀಪ್, ಡಾಂಕಿ, ಸ್ಟ್ರಾ, ಕ್ರಿಬ್. ಒಂದು ಸಲಕ್ಕೆ ನಾಲ್ಕು, ಹೆಚ್ಚೆಂದರೆ ಐದು. ನಾನು ಪದ ಆರಿಸುವಾಗ ನೋಡುವುದು ಎರಡೇ. ಮಗು ಈ ವಾರದಲ್ಲಿ ಇದನ್ನು ಮುಟ್ಟಲು ಅಥವಾ ಕಣ್ಣಾರೆ ಕಾಣಲು ಸಾಧ್ಯವೇ? ಫೆಬ್ರವರಿಯಲ್ಲೂ ಈ ಪದದ ಕೆಲಸ ಇರುತ್ತದೆಯೇ? ದೇವದೂತ ಮೊದಲ ಪರೀಕ್ಷೆಯಲ್ಲಿ ಸೋಲುತ್ತಾನೆ, ಆದರೆ ಕಥೆ ಅವನಿಲ್ಲದೆ ನಡೆಯುವುದಿಲ್ಲ, ಅದಕ್ಕೇ ಇಟ್ಟುಕೊಂಡೆ.

ಈ ಹನ್ನೆರಡರಲ್ಲಿ ಕೆಲವಕ್ಕೆ ನಿಮ್ಮ ಊರಿನ ಕಣ್ಣು ಬೇಕು. ಡೌನ್‌ಲೋಡ್ ಮಾಡಿದ ಕುರಿ ನೋಡಿ, ಹತ್ತಿಯ ಉಂಡೆಗೆ ನಾಲ್ಕು ಕಾಲಿಟ್ಟ ಹಾಗಿರುತ್ತದೆ. ಮಂಡ್ಯದ ಮಗು ಕಂಡಿರುವುದು ಬನ್ನೂರು ಕುರಿ. ಗಿಡ್ಡ ಕಾಲು, ತುಂಬಿದ ಮೈ, ಎಷ್ಟೋ ಸಲ ಕಂದು ಮುಖ. ಮಂಡ್ಯ ಕುರಿ ಅಂತಲೇ ತಳಿಗೆ ಹೆಸರಿದೆ. ಒಂದು ಭಾನುವಾರ ಮೊಬೈಲಿನಲ್ಲಿ ಕುರಿಮಂದೆಯ ಫೋಟೊ ತೆಗೆದು ಅದನ್ನೇ ಪ್ರಿಂಟ್ ಹಾಕಿಸಿ. ಅದರ ಪಕ್ಕದಲ್ಲಿ ಡೌನ್‌ಲೋಡ್ ಕುರಿಯನ್ನೂ ಇಡಿ. ಎರಡೂ ಶೀಪ್ ಅನ್ನುವುದು ಗೊತ್ತಾದ ದಿನ ಪದ ಕಾರ್ಡಿನಿಂದ ಬಿಡುಗಡೆಯಾಗುತ್ತದೆ. ನಕ್ಷತ್ರಕ್ಕೂ ಹಾಗೆಯೇ, ಒಂದೇ ಚಿತ್ರ ಬೇಡ. ಕಾಗದದ ನಕ್ಷತ್ರ, ಬಲ್ಬು ಹಾಕಿದ ನಕ್ಷತ್ರ, ರಂಗೋಲಿಯ ನಕ್ಷತ್ರ, ಮೂರು ಬಗೆಯವು ಇರಲಿ.

ಸ್ಟ್ರಾ ಅಂದರೆ ಮದ್ದೂರು ಸೀಮೆಯ ಮಕ್ಕಳಿಗೆ ಎಳನೀರು ಕುಡಿಯುವ ಕೊಳವೆ. ತಪ್ಪೇನಿಲ್ಲ, ಆ ಕೊಳವೆಗೆ ಹೆಸರು ಬಂದದ್ದೇ ಒಣ ಹುಲ್ಲಿನ ಟೊಳ್ಳು ಕಡ್ಡಿಯಿಂದ. ಡಿಸೆಂಬರಿನಲ್ಲಿ ಭತ್ತದ ಕೊಯ್ಲು ನಡೆದಿರುತ್ತದೆ. ಒಂದು ಹಿಡಿ ಹುಲ್ಲು ತರಿಸಿ, ದಪ್ಪನೆಯ ಕಡ್ಡಿ ಆರಿಸಿ, ಎರಡೂ ತುದಿ ಕತ್ತರಿಸಿ, ಲೋಟದ ನೀರಿನಲ್ಲಿಟ್ಟು ಊದಿಸಿ. ಗುಳ್ಳೆ ಬಂದ ಮೇಲೆ ಆ ಪದವನ್ನು ಮಕ್ಕಳು ಮರೆತದ್ದನ್ನು ನಾನು ಕಂಡಿಲ್ಲ. ಊದಬೇಕು, ಹೀರಬಾರದು ಅಂತ ಮೊದಲೇ ಹೇಳಿ.

ಬೆಲ್ ನಿಮ್ಮ ಜಿಲ್ಲೆಯಲ್ಲಿ ವಿಶೇಷ ಕಷ್ಟ ಕೊಡುತ್ತದೆ. ಆಲೆಮನೆಯ ನಾಡಿನ ಮಗುವಿಗೆ ಅದು ಬೆಲ್ಲ ಅಂತಲೇ ಕೇಳಿಸುತ್ತದೆ. ಕನ್ನಡದ ಕಿವಿ ಪದದ ಕೊನೆಯಲ್ಲಿ ಒಂದು ಸ್ವರ ಹುಡುಕುತ್ತದೆ, ಅದಕ್ಕೇ ಕೇಕು, ಗಿಫ್ಟು, ಬೆಲ್ಲು. ಸ್ಟಾರ್ ಇಸ್ಟಾರ್ ಆಗುವುದಕ್ಕೂ ನಮ್ಮ ನುಡಿಯ ಜಾಯಮಾನವೇ ಕಾರಣ. ಇದನ್ನು ತಿದ್ದಿ ತಿದ್ದಿ ಮಗುವಿನ ಬಾಯಿ ಮುಚ್ಚಿಸಬೇಡಿ. ಅದರ ಬದಲು ಒಂದು ಕೈಯಲ್ಲಿ ಗಂಟೆ, ಇನ್ನೊಂದು ಕೈಯಲ್ಲಿ ಬೆಲ್ಲದ ಚೂರು ಹಿಡಿದು ‘ಬೆಲ್ ಬೇಕಾ, ಬೆಲ್ಲ ಬೇಕಾ?’ ಅಂತ ಕೇಳಿ. ಬೆಲ್ ಅಂದವರಿಗೆ ಗಂಟೆ ಬಾರಿಸುವ ಅವಕಾಶ, ಬೆಲ್ಲ ಅಂದವರಿಗೆ ಬೆಲ್ಲ. ಎರಡೇ ನಿಮಿಷದಲ್ಲಿ ಕಿವಿ ಚುರುಕಾಗುತ್ತದೆ, ಮಾತಿಗೆ ಪ್ರತಿಫಲವೂ ಕೈಯಲ್ಲೇ ಸಿಗುತ್ತದೆ.

ಇನ್ನು ಕ್ರಿಬ್, ನಮ್ಮ ಕ್ರೈಸ್ತರ ಕನ್ನಡದಲ್ಲಿ ಗೋದಲಿ. ಈ ಪಾಠದ ಜೀವ ಇರುವುದೇ ಇಲ್ಲಿ ಅಂತ ನನ್ನ ಭಾವನೆ. ಮೈಸೂರು ಸೀಮೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ, ದಸರೆಯಲ್ಲಿ ಗೊಂಬೆ ಕೂರಿಸಿದ್ದನ್ನು ನೋಡಿರುತ್ತಾರೆ. ಪಟ್ಟದ ಗೊಂಬೆ ಎಲ್ಲಿ, ಸೆಟ್ಟಿ ಗೊಂಬೆ ಎಲ್ಲಿ ಅಂತ ಒಂದು ಕ್ರಮ ಇರುವ ಹಾಗೆಯೇ ಗೋದಲಿಯಲ್ಲೂ ಕ್ರಮ ಇದೆ. ನಡುವೆ ಹುಲ್ಲಿನ ಮೇಲೆ ಬಾಲಯೇಸು, ಅಕ್ಕಪಕ್ಕ ಮರಿಯಮ್ಮ ಮತ್ತು ಜೋಸೆಫ್, ಹಿಂದೆ ಹಸು ಮತ್ತು ಕತ್ತೆ, ಮುಂದೆ ಕುರಿ ಕಾಯುವವರು, ಮೇಲೆ ನಕ್ಷತ್ರ. ದೂರದಿಂದ ಕಾಣಿಕೆ ಹೊತ್ತು ಬರುವ ಜ್ಞಾನಿಗಳು. ಒಂದು ಶೂ ಡಬ್ಬ, ಹಿಡಿ ಹುಲ್ಲು, ಜೇಡಿಮಣ್ಣು ಇದ್ದರೆ ಮಕ್ಕಳೇ ಕಟ್ಟುತ್ತಾರೆ.

ಕಟ್ಟುವಾಗ ನೀವು ಆಡುವ ಮಾತೇ ಪಾಠ. ‘ಕುರಿ ಎಲ್ಲಿಡೋಣ? ಪಾಪುವಿನ ಪಕ್ಕಾನಾ, ಹಿಂದೇನಾ?’ ಮೊದಲ ದಿನ ಪೂರ್ತಿ ಕನ್ನಡ. ಮಾರನೆಯ ದಿನ ಅದನ್ನೇ ಇಂಗ್ಲಿಷಿನಲ್ಲಿ, ‘ಪುಟ್ ದ ಶೀಪ್ ಬಿಹೈಂಡ್ ದ ಬೇಬಿ.’ ಹುಲ್ಲಿನ ಮೇಲೆ ಅನ್ನುವಾಗ ಕನ್ನಡದಲ್ಲಿ ಹುಲ್ಲು ಮೊದಲು, ಮೇಲೆ ಆಮೇಲೆ. ಇಂಗ್ಲಿಷಿನಲ್ಲಿ ಉಲ್ಟಾ. ಇದನ್ನು ವ್ಯಾಕರಣವಾಗಿ ಹೇಳಿದರೆ ಹತ್ತನೇ ಕ್ಲಾಸಿಗೂ ಹತ್ತುವುದಿಲ್ಲ. ಕೈಯಲ್ಲಿ ಕುರಿ ಹಿಡಿದ ಮಗುವಿಗೆ ಸಲೀಸು. ನಾಮಪದಗಳ ಜೊತೆ ಕ್ರಿಯೆಯೂ ಬರಲಿ. ಅಂಗಡಿಯ ಸೆಟ್ಟಿರಲಿ, ಇಂಟರ್ನೆಟ್ಟಿನದಿರಲಿ, ಕಾರ್ಡುಗಳಲ್ಲಿ ಬರೀ ವಸ್ತುಗಳ ಹೆಸರಿರುತ್ತವೆ, ಆ ವಸ್ತುವಿನಿಂದ ಏನು ಮಾಡುತ್ತೇವೆ ಅನ್ನುವುದು ಇರುವುದೇ ಇಲ್ಲ. ಹಚ್ಚು, ಕಟ್ಟು, ಬಿಚ್ಚು, ಕೊಡು, ನೇತುಹಾಕು, ಇವಿಲ್ಲದೆ ಹಬ್ಬ ಹೇಗೆ ನಡೆಯುತ್ತದೆ? ಮೇಣದ ಬತ್ತಿ ಊದಿಸುವಾಗ ಒಬ್ಬಳು ‘ದೀಪ ಊದಿ ಆರಿಸಬಾರ್ದು ಅಂತ ನಮ್ಮಜ್ಜಿ ಹೇಳವ್ರೆ’ ಅಂತ ಹಿಂದೆ ಸರಿದಳು. ಅವಳಿಗೆ ಒತ್ತಾಯ ಮಾಡದೆ ಹಚ್ಚುವ ಕೆಲಸಕ್ಕೆ ಜೊತೆಯಾಗಿಸಿಕೊಂಡೆ, ಕಡ್ಡಿ ಗೀರುವುದು ಮಾತ್ರ ಯಾವತ್ತೂ ದೊಡ್ಡವರ ಕೈಯಲ್ಲೇ. ‘ಲೈಟ್ ದ ಕ್ಯಾಂಡಲ್’ ಅವಳ ಬಾಯಲ್ಲಿ ಕೂತಿತು.

ಹಬ್ಬದ ಪದಗಳನ್ನು ಒಟ್ಟಿಗೆ ಕಲಿಸುವುದಕ್ಕೆ ಇನ್ನೊಂದು ಒಳ್ಳೆಯ ಕಾರಣವಿದೆ. ಥಾಮಸ್ ಟಿಂಕಮ್ ಅನ್ನುವವರು 1990ರ ದಶಕದಲ್ಲಿ ತೋರಿಸಿಕೊಟ್ಟ ಹಾಗೆ, ಒಂದೇ ಜಾತಿಯ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಒಂದಕ್ಕೊಂದು ತೊಡಕು. ಕೆಂಪು, ಹಸಿರು, ಹಳದಿ ಒಂದೇ ದಿನ ಕಲಿಸಿದರೆ ಮಗು ಮೂರನ್ನೂ ಅದಲುಬದಲು ಮಾಡುವುದನ್ನು ನೀವೂ ನೋಡಿರುತ್ತೀರಿ. ಒಂದು ಸನ್ನಿವೇಶದಲ್ಲಿ ಒಟ್ಟಿಗೆ ಬರುವ ಬೇರೆ ಬೇರೆ ಜಾತಿಯ ಪದಗಳಾದರೆ ಹಗುರ. ಟಿಂಕಮ್ ಪ್ರಯೋಗ ಮಾಡಿದ್ದು ದೊಡ್ಡವರ ಮೇಲೆ, ಆದರೆ ಎಳೆಯ ಮಕ್ಕಳಲ್ಲಿ ನಾನು ಕಂಡದ್ದೂ ಇದೇ. ಹಾಗಾಗಿ ಮೊದಲ ದಿನ ಶೀಪ್, ಡಾಂಕಿ ಜೊತೆಗೆ ಬೇಡ. ಶೀಪ್, ಸ್ಟಾರ್, ಸ್ಟ್ರಾ, ಬೇಬಿ ಜೊತೆಗಿರಲಿ.

ಇಷ್ಟೆಲ್ಲ ಆದ ಮೇಲೆ, ಮೂರನೆಯ ದಿನವೋ ನಾಲ್ಕನೆಯ ದಿನವೋ, ಕಾರ್ಡು ಹೊರಗೆ ಬರಲಿ. ತೋರಿಸಿ ಕೇಳುವುದಕ್ಕಿಂತ ಬಚ್ಚಿಟ್ಟು ಕೇಳಿ. ನಾಲ್ಕು ಕಾರ್ಡು ಹರಡಿ, ಕಣ್ಣು ಮುಚ್ಚಿಸಿ, ಒಂದನ್ನು ತೆಗೆದು ‘ಯಾವುದು ಹೋಯ್ತು?’ ಅನ್ನಿ. ಇಲ್ಲದ್ದನ್ನು ಹೇಳಬೇಕಾದಾಗ ಮಗು ಪದವನ್ನು ಮನಸ್ಸಿನಿಂದಲೇ ಎತ್ತಬೇಕು, ಗಟ್ಟಿಯಾಗುವುದು ಆ ಎತ್ತುವಿಕೆಯಲ್ಲೇ. ಇನ್ನೊಂದು, ಕಾರ್ಡನ್ನು ಬೆನ್ನ ಹಿಂದೆ ಹಿಡಿದ ಮಗು ಸುಳಿವು ಕೊಡಬೇಕು, ಉಳಿದವರು ಹೇಳಬೇಕು. ಸುಳಿವು ಕನ್ನಡದಲ್ಲೇ ಇರಲಿ. ‘ಬಿಸಿಯಾದ್ರೆ ಕರಗ್ತದೆ’ ಅಂತ ಮೇಣದ ಬತ್ತಿಗೆ ಸುಳಿವು ಕೊಟ್ಟ ಮಗುವಿಗೆ ಆ ವಸ್ತು ನಿಜವಾಗಿ ಗೊತ್ತು. ಮೈಸೂರಿನವರಿಗೆ ಚಿತ್ರದ ಎಲೆಗಳು ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿಸಿದವರು. ದಶಾವತಾರ ಗಂಜೀಫಾದಲ್ಲಿ 120 ಎಲೆ. ಆಡುವವರು ಅವತಾರಗಳ ಗುರುತನ್ನು ಕೂತು ಬಾಯಿಪಾಠ ಮಾಡುತ್ತಿರಲಿಲ್ಲ, ಎಲೆ ಎಸೆಯುತ್ತಾ ಎತ್ತುತ್ತಾ ಕೈಗೇ ಬಂದುಬಿಡುತ್ತಿತ್ತು.

ಭಾಷೆಯ ಪ್ರಶ್ನೆಗೆ ನೇರ ಉತ್ತರ: ಚಿತ್ರದ ಬದಿಯಲ್ಲಿ ಯಾವ ಅಕ್ಷರವೂ ಬೇಡ. ಎಲ್‌ಕೆಜಿ ಮಗುವಿಗೆ ಓದಲು ಬರುವುದಿಲ್ಲ, ಓದಲು ಬರುವ ಮಗು ಚಿತ್ರ ಇರುವಾಗ ಅಕ್ಷರ ನೋಡುವುದಿಲ್ಲ. ಹಿಂಬದಿಯಲ್ಲಿ ಕನ್ನಡ, ಅದರ ಕೆಳಗೆ ಇಂಗ್ಲಿಷ್, ದಪ್ಪಕ್ಷರದಲ್ಲಿ. ಅದು ಮುಂದಿನ ವರ್ಷಕ್ಕೆ. ಬಾಯಿಮಾತಿನಲ್ಲಿ ಮಾತ್ರ ಮೊದಲು ಕನ್ನಡ ಬರಲಿ. ಗಂಟೆ ಅನ್ನುವುದರ ಸದ್ದು, ದೇವಸ್ಥಾನ, ಶಾಲೆ ಬಿಡುವ ಹೊತ್ತು, ಎತ್ತಿನ ಕೊರಳು ಎಲ್ಲ ಮಗುವಿನ ತಲೆಯಲ್ಲಿ ಆಗಲೇ ಇದೆ. ಬೆಲ್ ಅನ್ನುವ ಹೊಸ ಹೆಸರು ಆ ಮನೆಗೆ ಬಂದು ಸೇರಿಕೊಂಡರೆ ಸಾಕು. ಕೇಕಿಗೆ ಕನ್ನಡ ಹುಡುಕುವುದು ಬೇಡ, ಕೇಕು ಕನ್ನಡವೇ ಆಗಿದೆ.

ಪ್ರಿಂಟಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಟೀಚರುಗಳ ದುಡ್ಡು ಹಾಳಾಗುವುದು ನನಗೆ ಸಹಿಸದು. ಅಮೆರಿಕದ ಫೈಲುಗಳು ಲೆಟರ್ ಅಳತೆಯವು, 216 ಮಿಲಿಮೀಟರ್ ಅಗಲ, 279 ಉದ್ದ. ನಮ್ಮ ಎ4 ಹಾಳೆ 210 ಅಗಲ, 297 ಉದ್ದ. ಹಾಗೇ ಒತ್ತಿದರೆ ಅಂಚು ಕತ್ತರಿಸಿಹೋಗುತ್ತದೆ. ‘ಫಿಟ್ ಟು ಪೇಜ್’ ಹಾಕಿ ಅಂತ ಅಂಗಡಿಯವರಿಗೆ ಹೇಳಿ. 26 ಮಕ್ಕಳ ತರಗತಿಗೆ ಒಂದು ಹಾಳೆಯಲ್ಲಿ ಎರಡೇ ಚಿತ್ರ ಇರಲಿ, ಹಿಂದೆ ಕೂತವರಿಗೂ ಕಾಣಬೇಕು. ಕೈಯಲ್ಲಿ ಹಿಡಿದು ಆಡುವುದಕ್ಕೆ ಹಾಳೆಗೆ ನಾಲ್ಕು. ಕನ್ನಡ ಪದವನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಫೈಲನ್ನು ಪಿಡಿಎಫ್ ಮಾಡಿಯೇ ಒಯ್ಯಿರಿ. ಆ ಅಕ್ಷರ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೆರೆಗಳು ಬರುತ್ತವೆ. ನನಗೊಮ್ಮೆ ಹಾಗೇ ನಲವತ್ತು ಹಾಳೆ ಅಚ್ಚಾಗಿ ಬಂದು, ಕಾರ್ಯಾಗಾರದ ಹಿಂದಿನ ರಾತ್ರಿ ಕೂತು ಕೈಯಲ್ಲಿ ಬರೆಯಬೇಕಾಯಿತು. ಹೊಳೆಯುವ ಲ್ಯಾಮಿನೇಶನ್ ಬೇಡ, ಟ್ಯೂಬ್‌ಲೈಟಿನ ಬೆಳಕು ಬಿದ್ದು ಒಂದು ಬದಿಯ ಮಕ್ಕಳಿಗೆ ಚಿತ್ರವೇ ಕಾಣದು. ಮನೆಯಲ್ಲಿರುವ ಹಳೆಯ ಲಗ್ನಪತ್ರಿಕೆಗಳ ಹಿಂಬದಿಗೆ ಸಾದಾ ಪ್ರಿಂಟ್ ಅಂಟಿಸಿದರೆ ಒಳ್ಳೆಯ ಗಟ್ಟಿ ಕಾರ್ಡಾಗುತ್ತದೆ. ದೇವರ ಚಿತ್ರ ಇರುವ ಪತ್ರಿಕೆ ಬಿಟ್ಟು ಬೇರೆಯದನ್ನು ಬಳಸಿ. ಫೈಲಿನ ಕೆಳಗೆ ಸ್ವಂತ ಬಳಕೆಗೆ ಮಾತ್ರ ಅಂತ ಬರೆದಿದ್ದರೆ ಅದನ್ನು ಬೇರೆಯವರಿಗೆ ಮಾರುವ ಹಾಗಿಲ್ಲ.

ಕ್ರಿಸ್‌ಮಸ್ ಯಾಕೆ ಅಂತ ಕೇಳಿದ ಪೋಷಕರಿಗೆ ಬೇಸರ ಮಾಡಿಕೊಳ್ಳದೆ ಉತ್ತರ ಕೊಡಿ. ಇದು ಪಕ್ಕದ ಮನೆಯವರ ಹಬ್ಬ, ಅವರ ಮನೆಯಲ್ಲಿ ಏನು ನಡೆಯುತ್ತದೆ ಅಂತ ತಿಳಿಯುವುದಕ್ಕೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದರ ಎರಡು ಗೋಪುರಗಳ ಎತ್ತರ 175 ಅಡಿ. ನಿಮ್ಮ ಜಿಲ್ಲೆಯ ಗಂಜಾಂನಲ್ಲೇ, 1823ರಲ್ಲಿ ಫ್ರಾನ್ಸಿಗೆ ಮರಳಿದ ಪಾದ್ರಿ ಅಬ್ಬೆ ದುಬೋಯ್ ಹೆಸರಿನಿಂದ ಕರೆಯುವ ಹಳೆಯ ಚರ್ಚಿದೆ. ಈ ಹಬ್ಬ ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಯುಗಾದಿ, ರಂಜಾನ್‌ಗೂ ಇದೇ ರೀತಿ ಪದದ ಕಾರ್ಡು ಮಾಡುತ್ತೇನೆ ಅಂತ ಹೇಳಿ, ಹೇಳಿದ ಹಾಗೆ ಮಾಡಿ. ನಿಮ್ಮ ತರಗತಿಯಲ್ಲಿ ಕ್ರೈಸ್ತ ಮಗು ಇದ್ದರೆ ಆ ತಾಯಿಯನ್ನೋ ಅಜ್ಜಿಯನ್ನೋ ಒಂದು ದಿನ ಕರೆಯಿರಿ. ಗೋದಲಿಯ ಕಥೆಯನ್ನು ಅವರ ಬಾಯಿಂದ ಕೇಳುವುದೇ ಬೇರೆ. ಸಾಂತಾಕ್ಲಾಸ್ ಒಬ್ಬನನ್ನೇ ತೋರಿಸಿ ಮುಗಿಸಿದರೆ ಅವರ ಹಬ್ಬದ ತಿರುಳೇ ಬಿಟ್ಟ ಹಾಗೆ. ಮತ್ತೆ ಒಂದು ಮಾತು: ಬಾಲಯೇಸು, ಮರಿಯಮ್ಮನ ಚಿತ್ರವಿರುವ ಕಾರ್ಡನ್ನು ನೆಲಕ್ಕೆ ಹಾಕಿ ‘ಹಾರಿ ನಿಲ್ಲು’ ಆಟಕ್ಕೆ ಬಳಸಬೇಡಿ. ನಮ್ಮ ಮನೆಯ ದೇವರ ಪಟವನ್ನು ತುಳಿಯಲು ಬಿಡುತ್ತೇವೆಯೇ?

ಮಾತನಾಡದ ಹುಡುಗನ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಿ. ಮೊದಲು ಅವನ ತಾಯಿಯನ್ನು ಕೇಳಿ, ಮನೆಯಲ್ಲಿ ಮಾತನಾಡುತ್ತಾನೆಯೇ? ಮನೆಯಲ್ಲಿ ಚೆನ್ನಾಗಿ ಮಾತನಾಡಿ ಶಾಲೆಯಲ್ಲಿ ಮಾತ್ರ ಸುಮ್ಮನಿದ್ದರೆ ಅದು ಒಂದು ವಿಷಯ. ಅವನಿಂದ ಉತ್ತರ ಕೇಳುವುದನ್ನು ಬಿಟ್ಟು ‘ಸ್ಟಾರ್ ಕೊಡು ಕಂದಾ’ ಅಂತ ಕೆಲಸ ಹೇಳಿ. ಸರಿಯಾದ ಕಾರ್ಡು ಎತ್ತಿಕೊಟ್ಟರೆ ಪದ ಒಳಗೆ ಹೋಗಿದೆ, ಬಾಯಿಗೆ ಬರಲು ಸಮಯ ಬೇಕು. ತಿಂಗಳುಗಟ್ಟಲೆ ಹಾಗೇ ಮೌನವಾಗಿದ್ದರೆ ಆಗ ತಜ್ಞರಿಗೆ ತೋರಿಸಬೇಕು. ಮನೆಯಲ್ಲೂ ಮಾತು ಕಡಿಮೆ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಕಿವಿ ಸೋರುತ್ತಿರುತ್ತದೆ ಅನ್ನುವುದಾದರೆ ಕಾರ್ಡು ಬದಿಗಿಡಿ, ಕಾಯಬೇಡಿ. ಎರಡು ವರ್ಷಕ್ಕೆ ಸುಮಾರು ಐವತ್ತು ಪದ, ಎರಡು ಪದ ಕೂಡಿಸಿ ಆಡುವುದು ಬರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನಾಲ್ಕು ವರ್ಷದ ಮಗುವಿನಲ್ಲಿ ಅಷ್ಟೂ ಇಲ್ಲದಿದ್ದರೆ ಕಿವಿಯ ಪರೀಕ್ಷೆ ಮೊದಲು. ನಿಮಗೆ ಮೈಸೂರು ಹತ್ತಿರವೇ ಇದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸಕ್ಕೆ ಇರುವುದು. ಪೋಷಕರಿಗೆ ‘ನಿಮ್ಮ ಮಗನಿಗೆ ಏನೋ ತೊಂದರೆ’ ಅನ್ನಬೇಡಿ, ‘ಕಿವಿ ಒಂದ್ಸಲ ತೋರಿಸಿಕೊಂಡು ಬನ್ನಿ’ ಅನ್ನಿ, ಹೋಗುತ್ತಾರೆ.

ಡಿಸೆಂಬರ್ 25 ಕಳೆದ ಮೇಲೆ ಕಾರ್ಡುಗಳನ್ನು ಕಟ್ಟಿ ಬೀರುವಿನ ಮೇಲಿಡುವುದು ಎಲ್ಲ ಶಾಲೆಗಳಲ್ಲೂ ನಡೆಯುವ ತಪ್ಪು. ಕಲಿತದ್ದು ಮೊದಲ ಕೆಲವು ದಿನದಲ್ಲೇ ಹೆಚ್ಚು ಮರೆಯುತ್ತದೆ ಅಂತ ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಮೂರು ಖಾಲಿ ಸ್ವೀಟ್ ಬಾಕ್ಸ್ ಇಟ್ಟುಕೊಳ್ಳಿ. ತಡವರಿಸುವ ಪದಗಳು ಮೊದಲ ಡಬ್ಬದಲ್ಲಿ, ಅದನ್ನು ದಿನವೂ ತೆಗೆಯುವುದು. ಹೇಳಿದರೆ ಎರಡನೆಯದಕ್ಕೆ, ಅದನ್ನು ಮೂರು ದಿನಕ್ಕೊಮ್ಮೆ. ಅಲ್ಲೂ ಹೇಳಿದರೆ ಮೂರನೆಯದಕ್ಕೆ, ವಾರಕ್ಕೊಮ್ಮೆ. ತಪ್ಪಿದರೆ ಮತ್ತೆ ಮೊದಲ ಡಬ್ಬಕ್ಕೆ. ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಪತ್ರಕರ್ತ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಉಪಾಯ ಇದು, ದಿನಕ್ಕೆ ಐದು ನಿಮಿಷದ ಕೆಲಸ.

ಮೂರು ವಾರಕ್ಕೆ ಸಂಕ್ರಾಂತಿ ಬರುತ್ತದೆ. ನಿಮ್ಮ ಕಡೆ ಸಂಜೆ ರಸ್ತೆಗೆ ಹುಲ್ಲು ಹಾಕಿ ದನಗಳಿಗೆ ಕಿಚ್ಚು ಹಾಯಿಸುತ್ತಾರಲ್ಲ, ಮಕ್ಕಳೆಲ್ಲ ನೋಡಿರುತ್ತಾರೆ. ಮಾರನೆಯ ದಿನ ಬೆಳಿಗ್ಗೆ ಯಾವ ಕಾರ್ಡನ್ನೂ ತೋರಿಸದೆ ಕೇಳಿ: ‘ನಿನ್ನೆ ಕಿಚ್ಚಿಗೆ ಏನು ಹಾಕಿದ್ರು?’ ಹುಲ್ಲು ಅನ್ನುತ್ತಾರೆ. ‘ಗೋದಲಿಯಲ್ಲಿ ಪಾಪು ಮಲಗಿತ್ತಲ್ಲ, ಅದರ ಕೆಳಗೂ ಇದೇ ಇತ್ತು. ಇಂಗ್ಲಿಷಲ್ಲಿ ಏನಂದ್ವಿ?’ ಎಷ್ಟು ಜನ ಹೇಳಿದರು ಅಂತ ಎಣಿಸಿ ನನಗೆ ಬರೆಯಿರಿ.